ಹುಲಿಗೆಮ್ಮ ತಟ್ಟಿದ ರೊಟ್ಟಿ

ಶನಿವಾರ ಮಧ್ಯಾಹ್ನ ಹುಲಿಗೆಮ್ಮ ಬೀಸುಕಲ್ಲಿನ ಮುಂದೆ ಕೂತು ಜೋಳ ಬೀಸುತ್ತಿದ್ದಾಗ ಕ್ರೈಸ್ತ ಸಭೆಯ ಹಿರಿಯ ದಾನಿಯೇಲಪ್ಪ ಬಂದು ಅಂಗಳದ ಅಂಚಿನಲ್ಲಿ ನಿಂತ. ಒಳಗೆ ಕಾಲಿಡಲಿಲ್ಲ. ಅವನು ಕೆಳಗಿನ ಹಟ್ಟಿಗೆ ಬಂದರೆ ಎಲ್ಲಿ ನಿಲ್ಲುತ್ತಾನೆ ಅನ್ನುವುದು ಅಲ್ಲಿನ ಕೋಳಿಗಳಿಗೂ ಗೊತ್ತಿತ್ತು.

“ಪಾದ್ರಿ ಅಯ್ಯನವರು ಹೇಳಿ ಕಳಿಸಿದ್ದು ನಿಜವೇನವ್ವಾ? ನಾಳೆ ಕರ್ತನ ಭೋಜನಕ್ಕೆ ನಿಮ್ಮನೆ ರೊಟ್ಟಿಯಂತೆ?”

“ಹೂಂ ರೀ. ಅದಕ್ಕೇ ಬೀಸ್ತಾ ಇದೀನಿ.”

“ನಿನಗ್ಯಾಕೆ ತ್ರಾಸು? ನಮ್ಮನೇಲಿ ಮಾಡಿಸ್ತೀನಿ ಬಿಡು.”

“ತ್ರಾಸೇನೂ ಇಲ್ಲ ಬಿಡ್ರಿ. ದಿನಾ ಮಾಡೋ ಕೆಲ್ಸ,” ಅಂದಳು ಹುಲಿಗೆಮ್ಮ, ಕಲ್ಲು ತಿರುಗಿಸುತ್ತಲೇ.

ದಾನಿಯೇಲಪ್ಪ ಕೆಮ್ಮಿದ. “ಹೇಳಿದ್ದು ತಿಳಕೋ ಹುಲಿಗೆಮ್ಮ. ನಮ್ಮ ಹಟ್ಟಿಯೋರು ನಿಮ್ಮನೇದು ತಿನ್ನಾಕಿಲ್ಲ. ಸುಮ್ನೆ ರಂಪ ಆಗ್ತೈತೆ.”

“ಆಗ್ಲಿ,” ಅಂದಳು ಅವಳು. “ರೊಟ್ಟಿ ಮಾತ್ರ ನಾನೇ ತಟ್ಟೋದು.”

ಜಗಳೂರಿನಿಂದಾಚೆ ಬಂಡೇಹಳ್ಳಿ ಅನ್ನುವ ಊರು. ಊರಿನ ಹೊರಗೆ ಎರಡು ಹಟ್ಟಿ, ಮೇಲಿನದು, ಕೆಳಗಿನದು. ಊರಿನವರ ಕಣ್ಣಿಗೆ ಇಬ್ಬರೂ ಒಂದೇ, ಇಬ್ಬರನ್ನೂ ದೂರವೇ ಇಟ್ಟಿದ್ದರು. ಆದರೆ ಮೇಲಿನ ಹಟ್ಟಿಯವರು ಚರ್ಮದ ಕೆಲಸ ಮುಟ್ಟುತ್ತಿರಲಿಲ್ಲ, ಕೆಳಗಿನವರು ಹದ ಮಾಡಿ ಹೊಲಿಯುತ್ತಿದ್ದರು. ಅಷ್ಟೇ ವ್ಯತ್ಯಾಸಕ್ಕೆ ಮೇಲಿನವರು ಕೆಳಗಿನವರ ಮನೆಯ ನೀರು ಕುಡಿಯುತ್ತಿರಲಿಲ್ಲ. ಮಿಷನ್ನಿನವರು ಬಂದ ಮೇಲೆ ಎರಡು ಹಟ್ಟಿಯೂ ಯೇಸುವಿನ ಮಾರ್ಗ ಹಿಡಿಯಿತು. ಅಂಜಿನಪ್ಪ ಅನ್ನುವ ಹೆಸರು ದೀಕ್ಷಾಸ್ನಾನದಲ್ಲಿ ತೊಳೆದು ಹೋಗಿ ದಾನಿಯೇಲಪ್ಪ ಅಂತಾಯಿತು. ಮಿಕ್ಕಿದ್ದೇನೂ ತೊಳೆದು ಹೋಗಲಿಲ್ಲ. ಪ್ರಾರ್ಥನಾ ಮನೆ ಕಟ್ಟಿದಾಗ ಬಲಕ್ಕೆ ಮೇಲಿನ ಹಟ್ಟಿ, ಎಡಕ್ಕೆ ಕೆಳಗಿನ ಹಟ್ಟಿ ಕೂತಿತು. ಯಾರೂ ಕೂರಿಸಿದ್ದಲ್ಲ, ಅವರವರೇ ಹೋಗಿ ಕೂತದ್ದು.

ಹುಲಿಗೆಮ್ಮ ಹೆಸರನ್ನೂ ಬದಲಿಸಿಕೊಂಡಿರಲಿಲ್ಲ. ಮರಿಯಮ್ಮ ಅಂತ ಇಡೋಣ ಅಂದ ಅಯ್ಯನವರಿಗೆ, “ಹುಲಿಗೆಮ್ಮ ಅಂತ ಕೂಗಿದ್ರೆ ಆ ಸ್ವಾಮಿಗೆ ಯಾರು ಅಂತ ತಿಳಿಯಾಕಿಲ್ವೇನ್ರಿ?” ಅಂತ ಕೇಳಿ ಬಾಯಿ ಮುಚ್ಚಿಸಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಕಿವಿಯಲ್ಲಿ ಕೇಳಿದ್ದನ್ನು ಒಲೆಯ ಮುಂದೆ ಕೂತು ಯೋಚನೆ ಮಾಡುತ್ತಿದ್ದಳು. ರೊಟ್ಟಿ ತಟ್ಟುತ್ತಾ ತಟ್ಟುತ್ತಾ ಕರ್ತನ ಪ್ರಾರ್ಥನೆ ಹೇಳುವುದು ಅವಳ ರೂಢಿ. ಅನುದಿನದ ಆಹಾರ ಕೊಡು ಅನ್ನುವ ಮಾತು ಬರುವ ಹೊತ್ತಿಗೆ ಸರಿಯಾಗಿ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕುತ್ತಿದ್ದಳು.

ಅವಳನ್ನು ಬಹಳ ದಿನದಿಂದ ಕಾಡುತ್ತಿದ್ದ ಒಂದು ಯೋಚನೆ ಇತ್ತು. ಸಾಯುವ ಹಿಂದಿನ ರಾತ್ರಿ ಯೇಸುಸ್ವಾಮಿ ತನ್ನ ನೆನಪಿಗೆ ಅಂತ ಏನನ್ನು ಬೇಕಾದರೂ ಆರಿಸಿಕೊಳ್ಳಬಹುದಿತ್ತು. ಚಿನ್ನವಿತ್ತು, ಹೂವಿತ್ತು, ದೀಪವಿತ್ತು. ಅವನು ಆರಿಸಿಕೊಂಡದ್ದು ರೊಟ್ಟಿಯನ್ನು, ಯಾವಳೋ ಒಬ್ಬಳು ಕೈಯಾರೆ ನಾದಿ ಬೇಯಿಸಿದ್ದನ್ನು. ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವಳು ಯಾರ ಪೈಕಿ, ಯಾವ ಹಟ್ಟಿಯವಳು ಅಂತ ಅವನೂ ಕೇಳಲಿಲ್ಲ.

ಇಷ್ಟು ವರ್ಷ ಅಯ್ಯನವರು ಕೆಲವು ತಿಂಗಳಿಗೊಮ್ಮೆ ಭೋಜನ ನಡೆಸಲು ಬರುವಾಗ ದಾವಣಗೆರೆಯಿಂದ ಬ್ರೆಡ್ಡು ತರುತ್ತಿದ್ದರು. ಅದನ್ನು ಯಾರು ತುಳಿದರೋ, ಯಾರು ನಾದಿದರೋ ಬಂಡೇಹಳ್ಳಿಯಲ್ಲಿ ಯಾರೂ ಕೇಳಿದವರಲ್ಲ. ಕಾಗದ ಸುತ್ತಿ ಬಂದರೆ ಎಲ್ಲವೂ ಶುದ್ಧ. ಈಗ ಯುದ್ಧ ಬಂದು ಮೈದಾ ಅನ್ನುವುದು ಕಣ್ಣಿಗೆ ಬೀಳದಂತಾಗಿತ್ತು. ಹುಲಿಗೆಮ್ಮ ಪ್ರಾರ್ಥನಾ ಮನೆಯ ಕಸ ಗುಡಿಸಿ ಸಾರಿಸುವವಳು, ಅವಳ ಮನೆಯೇ ಹತ್ತಿರ. ಅಯ್ಯನವರು ಹೆಚ್ಚು ಯೋಚನೆ ಮಾಡದೆ, ಒಂದು ದೊಡ್ಡ ಜೋಳದ ರೊಟ್ಟಿ ಮಾಡಿಡು ಅಂತ ಹೇಳಿ ಕಳಿಸಿದ್ದರು.

ಭಾನುವಾರ ಬೆಳಿಗ್ಗೆ ಅವಳು ಹಂಚಿನಗಲದ ರೊಟ್ಟಿ ತಟ್ಟಿದಳು. ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಅಯ್ಯನವರ ಮುಂದಿನ ಮೇಜಿನ ಮೇಲೆ ಇಟ್ಟಳು. ಆವಿ ಇನ್ನೂ ಆಡುತ್ತಿತ್ತು. ಅವಳು ಹಿಂದೆ ಸರಿದು ಎಡಗಡೆ ಕೂರುವುದಕ್ಕೂ ಬಲಗಡೆಯವರು ಏಳುವುದಕ್ಕೂ ಸರಿಹೋಯಿತು. ದಾನಿಯೇಲಪ್ಪ ಮುಂದೆ, ಅವನ ಹಿಂದೆ ಮೇಲಿನ ಹಟ್ಟಿಯವರೆಲ್ಲ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತರು. ಅವನ ಮುದಿ ತಾಯಿ ಕೆಂಪಕ್ಕನನ್ನು ಮಾತ್ರ ಇಬ್ಬರು ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋಗಬೇಕಾಯಿತು.

ಅಯ್ಯನವರು ಒಳ್ಳೆಯವರೇ. ಆದರೆ ಒಳ್ಳೆಯವರಿಗೆ ಜಗಳವೆಂದರೆ ಹೆದರಿಕೆ. ಹೊರಗೆ ಹೋಗಿ ಮಾತಾಡಿ ಬಂದು, ದನಿ ತಗ್ಗಿಸಿ, “ಎರಡು ತಟ್ಟೆ ಇಡೋಣವೇನಮ್ಮಾ? ದಾನಿಯೇಲಪ್ಪನ ಮನೆಯಿಂದ ಇನ್ನೊಂದು ರೊಟ್ಟಿ ತರಿಸಿದರೆ ಎಲ್ಲರಿಗೂ ಸಮಾಧಾನ” ಅಂದರು.

ಹುಲಿಗೆಮ್ಮ ಎದ್ದು ನಿಂತಳು. “ಎಷ್ಟು ಜನ ಯೇಸುಸ್ವಾಮಿ ಅದಾರ್ರೀ ನಿಮ್ ಹತ್ರ? ಹಟ್ಟಿಗೊಬ್ಬರೇನು?”

ಅಯ್ಯನವರ ಮುಖ ಸಣ್ಣದಾಯಿತು. “ಹಾಗಾದರೆ ಈ ಸಲ ಬೇಡ. ಮುಂದಿನ ಸಲ ಬಂದಾಗ ಮಾಡೋಣ.”

“ಆಗ್ಲಿ ರೀ. ಆದ್ರೆ ಇದೇ ರೊಟ್ಟಿ. ಎಲ್ರೂ ತಿನ್ನಬೇಕು. ಮನೇಲಿ ಬಡಿಸಿದೋಳು ಕೊನೇಗೆ ಉಣ್ತಾಳಲ್ಲ, ಹಂಗೆ ಎಲ್ರದ್ದೂ ಆದ್ಮೇಲೆ ನಾನು ತಿಂತೀನಿ. ಅಲ್ಲೀವರೆಗೂ ಮುಟ್ಟಾಕಿಲ್ಲ.”

ಎಲ್ಲರೂ ಅದನ್ನು ಸಿಟ್ಟಿನ ಮಾತು ಅಂದುಕೊಂಡರು. ಸಿಟ್ಟಿನ ಮಾತು ಹೌದು, ಆದರೆ ಹುಲಿಗೆಮ್ಮನ ಸಿಟ್ಟು ಸಂಜೆಗೆ ಇಳಿಯುವಂಥದ್ದಲ್ಲ. ಮನೆಗೆ ಬಂದು ರೊಟ್ಟಿಯನ್ನು ಒಲೆಯ ಪಕ್ಕ ನಿಲ್ಲಿಸಿ, ಮೆತ್ತಗಿದ್ದದ್ದು ಖಡಕ್ಕಾಗುವ ತನಕ ಕಾಯಿಸಿದಳು. ಹಾಗೆ ಒಣಗಿಸಿದ ಜೋಳದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಟ್ಟೆ ಸುತ್ತಿ, ಇರುವೆ ಹತ್ತದಂತೆ ನೆಲುವಿಗೆ ತೂಗುಹಾಕಿದಳು.

ಮುಂದಿನ ಭಾನುವಾರ ಅದೇ ರೊಟ್ಟಿ ಬಂದು ಮೇಜಿನ ಮೇಲೆ ಕೂತಿತು. ಅಯ್ಯನವರಿಲ್ಲದ ವಾರಗಳಲ್ಲಿ ಪ್ರಾರ್ಥನೆ ನಡೆಸುವವನು ದಾನಿಯೇಲಪ್ಪನೇ. ಅವನು ಸತ್ಯವೇದ ತೆರೆದರೆ ಮುಂದೆ ರೊಟ್ಟಿ. ಕಣ್ಣು ಮುಚ್ಚಿ ಪ್ರಾರ್ಥಿಸಿ ಕಣ್ಣು ಬಿಟ್ಟರೆ ಮತ್ತೆ ರೊಟ್ಟಿ.

“ತೆಗಿಯವ್ವ ಅದನ್ನ,” ಅಂದ.

“ನೀವೇ ತೆಗೀರಿ,” ಅಂದಳು ಹುಲಿಗೆಮ್ಮ.

ಅಲ್ಲಿಗೆ ಅವನು ಸಿಕ್ಕಿಬಿದ್ದ. ತೆಗೆಯಬೇಕೆಂದರೆ ಮುಟ್ಟಬೇಕು. ಅವನ ಹಟ್ಟಿಯ ಯಾರೂ ಮುಟ್ಟುವಂತಿಲ್ಲ. ಕೆಳಗಿನ ಹಟ್ಟಿಯವರಿಗೆ ಹೇಳಿದರೆ ಅವರು ಹುಲಿಗೆಮ್ಮನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಕೊನೆಗೆ ಅವಳ ಗಂಡ ಓಬಳಪ್ಪನನ್ನು ಕರೆದು, “ನಿನ್ ಹೆಂಡ್ತಿಗೆ ಬುದ್ಧಿ ಹೇಳಯ್ಯಾ” ಅಂದ. ಓಬಳಪ್ಪ ತಲೆ ಕೆರೆದುಕೊಂಡು, “ನಾನು ಸತ್ತ ಎಮ್ಮೆ ಚರ್ಮಾನೇ ಬಗ್ಗಿಸ್ತೀನಿ ರೀ, ಇವಳನ್ನ ಬಗ್ಗಿಸಾಕೆ ಆಗಾಕಿಲ್ಲ” ಅಂದ.

ಹೀಗೆ ಮಾಗಿ ಕಳೆದು ಬೇಸಿಗೆ ಬಂತು. ಪ್ರತಿ ಭಾನುವಾರ ರೊಟ್ಟಿ ಬರುತ್ತಿತ್ತು, ಪ್ರಾರ್ಥನೆ ಮುಗಿದ ಮೇಲೆ ಹೋಗುತ್ತಿತ್ತು. ಓಬಳಪ್ಪನೂ ಒಮ್ಮೆ, “ಸಾಕು ಬಿಡೇ, ಇಷ್ಟು ದಿನ ಎಡಗಡೇನೇ ಕೂತೀವಿ, ಇನ್ನೂ ಕೂತ್ಕಳಾಣ” ಅಂದ. ಆ ದಿನ ಅವಳಿಗೆ ಅಳು ಬಂತು. ತಾನೊಬ್ಬಳೇ ಹುಚ್ಚಿಯ ಹಾಗೆ ಒಣರೊಟ್ಟಿ ಹೊತ್ತು ತಿರುಗುತ್ತಿದ್ದೇನೆ ಅನ್ನಿಸಿತು. ಆದರೆ ಅವನ ಬಾಯಿಂದ ಆ ಮಾತು ಕೇಳಿದ ಮೇಲೆ ಬಿಡುವುದು ಇನ್ನೂ ಕಷ್ಟವಾಯಿತು. ಕೂತೀವಿ ಅಂದನಲ್ಲ, ಕೂರಿಸಿದ್ದಾರೆ ಅನ್ನಲಿಲ್ಲವಲ್ಲ, ದೂರ ಕೂರುವುದು ಅವನಿಗೂ ರೂಢಿಯಾಗಿಬಿಟ್ಟಿತ್ತಲ್ಲ. ಮೂಗು ಒರೆಸಿಕೊಂಡು ನೆಲುವಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿದಳು.

ಬೇಸಿಗೆಯ ನಡುವೆ ದಾನಿಯೇಲಪ್ಪನ ಕಪಿಲೆಯ ಚೀಲ ಹರಿಯಿತು. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ದೊಡ್ಡ ಚರ್ಮದ ಚೀಲ ಅದು. ಚೀಲ ಇಲ್ಲದೆ ಅವನ ಮೆಣಸಿನ ಗಿಡ ಬಾಡತೊಡಗಿದವು. ಹೊಲಿಯುವವನು ಓಬಳಪ್ಪನೊಬ್ಬನೇ. ದಾನಿಯೇಲಪ್ಪ ಬಂದು ಅದೇ ಅಂಗಳದ ಅಂಚಿನಲ್ಲಿ ನಿಂತ. ಈ ಸಲ ಅವನ ದನಿಯಲ್ಲಿ ಜೋರಿರಲಿಲ್ಲ. ಹುಲಿಗೆಮ್ಮ ಏನು ಷರತ್ತು ಹಾಕುತ್ತಾಳೋ ಅಂತ ಅವಳ ಕಡೆಯೇ ನೋಡುತ್ತಿದ್ದ.

ಅವಳಿಗೆ ಆಸೆಯಾಗಲಿಲ್ಲ ಅಂತಲ್ಲ. ಒಂದು ಮಾತು ಅಂದರೆ ಸಾಕಿತ್ತು. ಆದರೆ ಮೆಣಸಿನ ಗಿಡ ತೋರಿಸಿ ಬಾಯಿಗೆ ತುರುಕಿದ ರೊಟ್ಟಿ ಯಾವ ಸೀಮೆ ಕರ್ತನ ಭೋಜನ? “ಹೊಲಿದು ಕೊಡು, ಬೇಗ. ಗಿಡ ಒಣಗ್ತವೆ,” ಅಂದಳು ಗಂಡನಿಗೆ.

ಚೀಲ ಸಿದ್ಧವಾದ ದಿನ ಅವಳೂ ಗಂಡನ ಜತೆ ಬಾವಿಗೆ ಹೋದಳು. ಚೀಲ ಕಟ್ಟಿ ಎತ್ತು ಹೊಡೆದರು. ತುಂಬಿ ಬಂದ ಚೀಲ ಕಾಲುವೆಗೆ ಸುರಿಯಿತು. ದಾನಿಯೇಲಪ್ಪ ರೂಢಿಯಂತೆ ಬಗ್ಗಿ, ಎರಡೂ ಕೈಯಲ್ಲಿ ಹಿಡಿದು, ಹೊಟ್ಟೆ ತುಂಬ ಕುಡಿದ. ಪಕ್ಕದಲ್ಲಿ ಕೂತಿದ್ದ ಕೆಂಪಕ್ಕನಿಗೂ ಒಂದು ಚೆಂಬು ತುಂಬಿಕೊಟ್ಟ.

“ತಣ್ಣಗೈತೇನ್ರಿ?” ಅಂತ ಕೇಳಿದಳು ಹುಲಿಗೆಮ್ಮ.

“ಐತೆ,” ಅಂದ ಅವನು, ಬಾಯಿ ಒರೆಸಿಕೊಳ್ಳುತ್ತಾ.

“ಸತ್ತೆಮ್ಮೆ ಚರ್ಮ. ನನ್ ಗಂಡ ಹದ ಮಾಡಿದ್ದು, ಹಲ್ಲಲ್ಲಿ ದಾರ ಕಚ್ಚಿ ಹೊಲಿದಿದ್ದು. ಅದರಾಗಿಂದ ಬಂದ ನೀರು ಗಟಗಟ ಕುಡೀತೀರಿ. ನಾನು ತಟ್ಟಿದ್ದು ಬರೀ ಜೋಳ. ಅದು ಗಂಟಲಲ್ಲಿ ಇಳಿಯಾಕಿಲ್ಲ!”

ದಾನಿಯೇಲಪ್ಪನ ಕೈ ಬಾಯ ಹತ್ತಿರವೇ ನಿಂತಿತು. ಕೆಂಪಕ್ಕ ಚೆಂಬು ಕೆಳಗಿಟ್ಟು ನಗಲು ಶುರುಮಾಡಿದಳು. ಹಲ್ಲಿಲ್ಲದ ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನಿಮ್ಮಪ್ಪನೂ ಇದೇ ನೀರು ಕುಡಿದು ಬೆಳೆದೋನು ಕಣೋ,” ಅಂದಳು ಮಗನಿಗೆ. ಅವನು ಎತ್ತಿನ ಕಡೆ ಹೋದ.

ಮುಂಗಾರಿಗೆ ಮುಂಚೆ ಅಯ್ಯನವರು ಬಂದರು. ಮೇಜಿನ ಮೇಲೆ ರೊಟ್ಟಿ ಇತ್ತು. ಅವರು ಬಟ್ಟೆ ಬಿಚ್ಚಿ ನೋಡಿದರು. ಅಂಚು ಒಂದೆರಡು ಕಡೆ ಮುಕ್ಕಾಗಿತ್ತು, ಮಿಕ್ಕಂತೆ ಹಂಚಿನಿಂದ ಇಳಿಸಿದ ಹಾಗೇ ಇತ್ತು. “ಈ ಸಲವೂ ಬ್ರೆಡ್ಡು ಸಿಗಲಿಲ್ಲ” ಅಂದರು. ಆಮೇಲೆ ತಲೆ ಎತ್ತಿ, “ಸಿಕ್ಕಿದ್ದರೂ ತರುತ್ತಿರಲಿಲ್ಲ. ಹೋದ ಸಲ ಹೆದರಿದ್ದು ನಾನು. ಹೋಗುವವರು ಹೋಗಬಹುದು” ಅಂದರು.

ಬಲಗಡೆಯವರೆಲ್ಲ ದಾನಿಯೇಲಪ್ಪನ ಮುಖ ನೋಡಿದರು. ಅವನು ಏಳಲೂ ಇಲ್ಲ, ಅಲುಗಾಡಲೂ ಇಲ್ಲ. ಅಯ್ಯನವರು ಪ್ರಾರ್ಥನೆ ಹೇಳಿ ರೊಟ್ಟಿ ಮುರಿದರು. ಮೆತ್ತನೆಯ ಬ್ರೆಡ್ಡು ಮುರಿದದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಇದು ಟಪ್ಪೆಂದು ಮುರಿಯಿತು, ಹಿಂದಿನ ಸಾಲಿನವರೂ ಬೆಚ್ಚಿದರು.

ಎಡಗಡೆಯವರು ಏಳಬೇಕು ಅನ್ನುವಷ್ಟರಲ್ಲಿ ಬಲಗಡೆಯಿಂದ ಕೋಲಿನ ಸದ್ದು ಬಂತು. ಕೆಂಪಕ್ಕ ಎದ್ದಿದ್ದಳು. ಈ ಸಲ ಯಾರೂ ಅವಳ ರಟ್ಟೆ ಹಿಡಿದಿರಲಿಲ್ಲ. ಮೇಜಿನ ತನಕ ಹೋಗಿ ಬಾಯಿ ತೆರೆದಳು. ಅಯ್ಯನವರು ಚೂರು ಇಟ್ಟರು. ಹಲ್ಲಿಲ್ಲ, ಖಡಕ್ ರೊಟ್ಟಿ, ಅಗಿಯುವುದು ಹೇಗೆ? ದವಡೆಯಲ್ಲಿ ಇಟ್ಟುಕೊಂಡು ನೆನೆಯಲಿ ಅಂತ ಬಂದು ಕೂತಳು.

“ಉಗುಳವ್ವಾ,” ಅಂದ ಮಗ ಪಿಸುದನಿಯಲ್ಲಿ.

ಕೆಂಪಕ್ಕ ಬಾಯಿ ಬಿಗಿಯಾಗಿ ಮುಚ್ಚಿ, ಕೆನ್ನೆ ಉಬ್ಬಿಸಿಕೊಂಡು, ಇಲ್ಲವೆಂದು ತಲೆ ಆಡಿಸಿದಳು. ಅವನು ಮತ್ತೆ ಹೇಳಿದ. ಅವಳು ಮತ್ತೆ ಆಡಿಸಿದಳು. ಆಮೇಲೆ ಬಲಗಡೆಯಿಂದ ಒಬ್ಬಳು ಎದ್ದಳು, ಎಡಗಡೆಯಿಂದ ಇಬ್ಬರು. ದಾರಿಯ ನಡುವೆ ಎರಡು ಹಟ್ಟಿಯವರೂ ಬೆರೆತು, ಯಾರು ಮುಂದೆ ಯಾರು ಹಿಂದೆ ಅನ್ನುವುದು ಕಲಸಿಹೋಯಿತು. ಪ್ರಾರ್ಥನಾ ಮನೆಯ ತುಂಬ ಕರುಂಕುರುಂ ಸದ್ದು.

ಹುಲಿಗೆಮ್ಮ ಕೊನೆಗೆ ಹೋದಳು. ಕೊನೆಯ ಚೂರು ಅವಳ ಅಂಗೈಗೆ ಬಂತು, ತಟ್ಟೆ ಬರಿದಾಯಿತು. ಬಾಯಿಗೆ ಹಾಕಿಕೊಳ್ಳುವ ಮೊದಲು ಅವಳು ಸುತ್ತ ನೋಡಿದಳು. ಎಲ್ಲರದ್ದೂ ಆಯಿತೇ ಅಂತ ಮನೆಯಲ್ಲಿ ನೋಡುವ ಹಾಗೇ ನೋಡಿದಳು. ಅಷ್ಟರಲ್ಲಿ ದಾನಿಯೇಲಪ್ಪ ಎದ್ದು ಬಂದು ಮೇಜಿನ ಮುಂದೆ ಕೈ ಒಡ್ಡಿ ನಿಂತ.

ಅಯ್ಯನವರು ಬರಿದಾದ ತಟ್ಟೆ ನೋಡಿದರು. ಆಮೇಲೆ ಹುಲಿಗೆಮ್ಮನನ್ನು ನೋಡಿದರು.

ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಕಾಯಿಸಿದವನು, ಎಲ್ಲ ಮುಗಿದ ಮೇಲೆ ಬಂದಿದ್ದಾನೆ. ಬರಿಗೈಯಲ್ಲಿ ಹೋಗಲಿ, ಹಸಿವು ಹೇಗಿರುತ್ತದೆ ಅವನಿಗೂ ಗೊತ್ತಾಗಲಿ ಅನ್ನಿಸಿತು. ಆದರೆ ಅವನು ಒಡ್ಡಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಈ ಪಾಪಿಗೂ ಬಡಿಸದೆ ತಾನು ಉಂಡರೆ, ಎರಡು ತಟ್ಟೆ ಇಟ್ಟವಳು ತಾನೇ ಆಗುತ್ತೇನೆ ಅಂತ ಅವಳಿಗೆ ಹೊಳೆಯಿತು. ಹಾಗೆ ಹೊಳೆದದ್ದಕ್ಕೂ ಸಿಟ್ಟು ಬಂತು.

ತನ್ನ ಚೂರನ್ನು ಮುರಿದಳು. ಅಯ್ಯನವರ ಕೈಗೆ ಕೊಡಲಿಲ್ಲ, ತಟ್ಟೆಯಲ್ಲೂ ಇಡಲಿಲ್ಲ. ತನ್ನ ಅಂಗೈ ಮೇಲೆ ಇಟ್ಟುಕೊಂಡು ಅವನ ಮುಂದೆ ಹಿಡಿದಳು.

“ನಾನೇ ತಟ್ಟಿದ್ದು ರೀ. ತಿಳಕೊಂಡು ತಿನ್ರಿ.”

ದಾನಿಯೇಲಪ್ಪ ಅವಳ ಅಂಗೈಯನ್ನು ನೋಡಿದ. ಸುಟ್ಟ ಕಲೆ, ಜಡ್ಡುಗಟ್ಟಿದ ಬೆರಳು, ನಡುವೆ ಆ ಚೂರು. ಬಲಗಡೆಯಲ್ಲಿ ಕೆಂಪಕ್ಕ ಇನ್ನೂ ಬಾಯಿ ಮುಚ್ಚಿಕೊಂಡೇ ಮಗನನ್ನು ನೋಡುತ್ತಿದ್ದಳು. ಅವನು ಕೈ ಮುಂದೆ ಮಾಡಿದ. ಬೆರಳು ಅವಳ ಅಂಗೈಗೆ ತಾಗಿತು. ತೆಗೆದು ಬಾಯಿಗೆ ಹಾಕಿಕೊಂಡ.

ಅವನು ಅಗಿದ ಸದ್ದು ಕೇಳಿಸುವ ತನಕ ಹುಲಿಗೆಮ್ಮ ಅಲ್ಲೇ ನಿಂತಿದ್ದಳು. ಆಮೇಲೆ ತನ್ನ ಪಾಲನ್ನು ತಿಂದಳು.