ಮೊದಲು ನೀರು

ಗೋಡೆಗೆ ಒರಗಿಸಿ ಕೂಡಿಸಿದ್ದ ಅಪ್ಪನ ಹಣೆಗೆ ಪ್ರೇಮಲಾ ವಿಭೂತಿ ಬಳಿಯುತ್ತಿದ್ದಾಗ ಹಿಂದಿನಿಂದ ಅವ್ವ ಸುಗಲಾಬಾಯಿಯ ದನಿ ಬಂತು: “ಎಡಗಲ್ಲಕ್ಕ ದಪ್ಪಗ ಹಚ್ಚವ್ವ. ಮಣ್ಣಿಗಿ ಹೋಗೋವಾಗರೆ ಆ ಸುಟ್ಟ ಕಲಿ ಮುಚ್ಚಲಿ.”

ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಸುಟ್ಟು ಸುಕ್ಕಾದ ತೊಗಲು. ಪ್ರೇಮಲಾ ಅದರ ಮೇಲೆ ದಪ್ಪಗೆ ವಿಭೂತಿ ಬಳಿದಳು.

ಅಪ್ಪ ವೀರಪ್ಪ ತಾಂಡೂರಿನ ಹೈಸ್ಕೂಲಿನಲ್ಲಿ ಲ್ಯಾಬಿನ ಅಟೆಂಡರ್ ಆಗಿದ್ದ. ಆಗಿನ ಹೆಡ್‌ಮಾಸ್ತರ ಶಿವರಾಜ ಸರ್ ಹೊಸ್ತಿಲ ಬಳಿ ಕುಳಿತು ನಿಟ್ಟುಸಿರಿಟ್ಟರು.

“ಭಾಳ ಚೊಲೋ ಮನುಷ್ಯಾ. ಆದ್ರ ಅವತ್ತು ಹ್ಯಾಂಗ ಮೈಮರ್ತನೋ! ಆಸಿಡ್‌ದಾಗ ನೀರು ಸುರುವಿದ. ಹಂಗ ಸುರುವಬಾರ್ದಂತ ಶಾಲಿ ಪೋರಗೋಳಿಗೂ ಗೊತ್ತಿರ್ತದ.”

“ನಮ್ಮ ಮನಿಯವ್ರಿಗಿ ಗೊತ್ತಿರ್ಲಿಲ್ಲ ನೋಡ್ರಿ,” ಎಂದಳು ಸುಗಲಾಬಾಯಿ. “ಲ್ಯಾಬ್ ಬಿಡ್ಸಿ ಗಂಟಿ ಹೊಡ್ಯಾಕ ಹಚ್ಚಿದ್ರಿ. ಬಾಟ್ಲಿ ತೊಳ್ಯೋದ್ರಾಗ ಜೀವ ಇಟ್ಟಿದ್ರು. ಇಪ್ಪತ್ತು ವರ್ಷ ಬೈದೀನ್ರಿ ನಾ. ಒಂದಿನ ಬಾಯಿ ತೆರೀಲಿಲ್ಲ.”

*

ಆಗ ಪ್ರೇಮಲಾ ಒಂಬತ್ತನೇ ತರಗತಿ. ಸೋಮವಾರದ ಪಾಠ ಸಂಯೋಗ ಕ್ರಿಯೆ. ಶನಿವಾರ ಸಂಜೆಯೇ ಅಪ್ಪ ಲ್ಯಾಬಿನಲ್ಲಿ ಸುಣ್ಣದ ಹರಳು ಜೋಡಿಸಿಟ್ಟಿದ್ದ. “ಸುಣ್ಣ, ನೀರು ಕೂಡಿ ಒಂದೇ ಪದಾರ್ಥ ಆಗ್ತಾವ. ಕೂಡುವಾಗ ಬಿಸಿ ಬಿಡ್ತಾವ,” ಎಂದು ಮಗಳಿಗೆ ಹೇಳಿ ಕಪಾಟಿನತ್ತ ತಿರುಗಿದ.

ಪಕ್ಕದ ಬೀಕರಿನಲ್ಲಿ ಗಂಧಕಾಮ್ಲವಿತ್ತು. ಅದನ್ನೂ ನೀರು ಬೆರೆಸಿ ತೆಳುಮಾಡುವುದಿತ್ತು. ಹಬ್ಬ ಬಂದಾಗಲೆಲ್ಲ ಅವ್ವ ಸುಣ್ಣ ಅರಳಿಸುವುದನ್ನು ನೋಡಿದ ಹುಡುಗಿ: ಮಡಕೆಗೆ ಮೊದಲು ಹರಳು, ಅದರ ಮೇಲೆ ನೀರು, ಬುಸ್ಸೆಂದು ಕುದಿದರೆ ಹಿಗ್ಗು. ಇದೂ ಹಾಗೇ ಅಂದುಕೊಂಡಳು. ಅಪ್ಪನ ಕೆಲಸ ಹಗುರಾಗಲೆಂದು ಆಮ್ಲದ ಮೇಲೆ ಚೊಂಬಿನ ನೀರು ಬಗ್ಗಿಸಿದಳು.

“ಪ್ರೇಮಾ!”

ಅಪ್ಪ ಅವಳನ್ನು ನೂಕಿ ಅಡ್ಡ ಬಂದ. ಸಿಡಿದದ್ದೆಲ್ಲ ಅವನ ಮುಖಕ್ಕೆ. ನಳದ ಕೆಳಗೆ ಕೆನ್ನೆ ಇಟ್ಟುಕೊಂಡೇ ಹೇಳಿದ: “ನಾನೇ ಹಾಕೀನಿ. ನೀ ಇಲ್ಲಿ ಇರ್ಲೇ ಇಲ್ಲ. ತಿಳೀತಿಲ್ಲೋ?”

*

ಈಗ ಪ್ರೇಮಲಾ ಜಹೀರಾಬಾದಿನಲ್ಲಿ ರಸಾಯನಶಾಸ್ತ್ರದ ಟೀಚರು. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಹಲಗೆಯ ಮೇಲೆ ಅವಳು ಬರೆಯುವ ಮೊದಲ ಸಾಲು: ಮೊದಲು ನೀರು, ಆಮೇಲೆ ಆಮ್ಲ. ಮನೆಯಲ್ಲಿ ಮಾತ್ರ ಅವಳ ಬಾಯಿಗೆ ಬೀಗ.

“ಎತ್ರೆಪ್ಪಾ, ಹೊತ್ತಾತು,” ಎಂದರು ಜಂಗಮರು.

“ಅವ್ವಾ,” ಎಂದಳು ಪ್ರೇಮಲಾ. “ಆ ನೀರು ಅಪ್ಪ ಹಾಕಿಲ್ಲ. ನಾ ಹಾಕೀನಿ. ನೀ ಸುಣ್ಣಕ್ಕ ಹಾಕ್ತಿದ್ದಿ ನೋಡು, ಹಂಗ.”

“ಏನಂದಿ?”

ಮತ್ತೆ ಹೇಳಿದಳು, ಹೊಸ್ತಿಲವರೆಗೆ ಕೇಳುವಂತೆ. ಶಿವರಾಜ ಸರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

ಸುಗಲಾಬಾಯಿ ಮಗಳತ್ತ ನೋಡಲಿಲ್ಲ. ಎತ್ತಲು ಬಂದವರನ್ನು ಕೈಯಡ್ಡ ಮಾಡಿ ತಡೆದಳು. ಗಂಡನ ಮುಂದೆ ಮೊಣಕಾಲೂರಿ ಕುಳಿತು, ಸೆರಗಿನ ತುದಿಯನ್ನು ಚೊಂಬಿನ ನೀರಿಗೆ ಅದ್ದಿ, ಎಡಗೆನ್ನೆಯ ವಿಭೂತಿಯನ್ನು ಒರೆಸತೊಡಗಿದಳು, ಆ ಕಲೆ ಪೂರ್ತಿ ಕಾಣುವವರೆಗೆ.