ಮಿಲಿಮೀಟರ್ ಲೆಕ್ಕದ ಮಂಡಿ

ಟೈಲ್ಸ್ ಮೇಸ್ತ್ರಿ ಮೂವತ್ತೆರಡು ವರ್ಷ ಮಂಡಿಯೂರಿಯೇ ಹೊಟ್ಟೆ ಹೊರೆದವರು. ಎರಡೂ ಮಂಡಿ ಸವೆದು ಮೂಳೆಗೆ ಮೂಳೆ ತಿಕ್ಕತೊಡಗಿದಾಗ ಹೆಂಡತಿಯ ಜೊತೆ ಆಸ್ಪತ್ರೆಗೆ ಹೋದರು. ಮಂಡಿ ಸರಿಹೋದರೆ ಇನ್ನೂ ಹತ್ತು ವರ್ಷ ಕೆಲಸ ಮಾಡಬಹುದೆಂಬ ಆಸೆ.

ಸರ್ಜನ್ ಕಂಪ್ಯೂಟರ್ ಪರದೆಯ ಮೇಲೆ ಬಲ ಮಂಡಿಯನ್ನು ಬುಗುರಿಯಂತೆ ತಿರುಗಿಸಿ ತೋರಿಸಿದರು. "ಸ್ಕ್ಯಾನ್ ನೋಡಿ ಮೊದಲೇ ಪ್ಲಾನ್ ಹಾಕ್ತೀವಿ. ಮೂಳೆ ಕತ್ತರಿಸುವಾಗ ರೋಬಾಟ್ ತೋಳು ಗೆರೆ ದಾಟೋಕೆ ಬಿಡಲ್ಲ."

"ಎಷ್ಟು ಹೆಚ್ಚುಕಮ್ಮಿ ಆಗುತ್ತೆ ಡಾಕ್ಟ್ರೇ?"

"ಅರ್ಧ, ಜಾಸ್ತಿ ಅಂದ್ರೆ ಒಂದು ಮಿಲಿಮೀಟರ್."

ಮೇಸ್ತ್ರಿಯ ಮುಖ ಅರಳಿತು. ನೆಲದ ಮಟ್ಟ ನೋಡುವ ರಸಮಟ್ಟದ ಗುಳ್ಳೆ ಕೂದಲೆಳೆಯಷ್ಟು ಸರಿದರೂ ಹಾಕಿದ ಟೈಲು ಕಿತ್ತು ಮತ್ತೆ ಕೂರಿಸುವ ಆಸಾಮಿ. ಇಬ್ಬರೂ ಮಟ್ಟ, ಓರೆ, ಸಂದು ಎಂದು ಮುಕ್ಕಾಲು ಗಂಟೆ ಹರಟಿದರು. ಹೊಸ ಮಂಡಿ ಕೂರಿಸುವುದಕ್ಕೂ ಒಂದು ಬಗೆಯ ಸಿಮೆಂಟೇ ಎಂದು ತಿಳಿದಾಗಲಂತೂ ಮೇಸ್ತ್ರಿ ಸರ್ಜನ್‌ರನ್ನು ತಮ್ಮ ಕಸುಬಿನವರೆಂದೇ ಎಣಿಸಿದರು. ಮಂಡಿಯೂರಬಹುದೇ ಎಂದು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಹಾಕಿದ ನೆಲದ ಮೇಲೆ ನಡೆಯಬಹುದೇ ಎಂದು ಮೇಸ್ತ್ರಿಯನ್ನು ಯಾರೂ ಈವರೆಗೆ ಕೇಳಿರಲಿಲ್ಲವಲ್ಲ.

ಬಲ ಮಂಡಿಯ ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ಎಕ್ಸ್‌ರೇ ನೋಡಿ ಸರ್ಜನ್ ಹಿಗ್ಗಿದರು. "ಫಸ್ಟ್ ಕ್ಲಾಸ್! ನಡೀರಿ, ಮೆಟ್ಟಿಲು ಹತ್ತಿ, ಸೈಕಲ್ ತುಳೀರಿ."

"ಕೆಲಸಕ್ಕೆ ಹೋಗಿದ್ದೆ ಡಾಕ್ಟ್ರೇ. ಮಂಡಿ ಊರಿದ್ರೆ ಗಾಜಿನ ಚೂರಿನ ಮೇಲೆ ಕೂತಂಗಾಗುತ್ತೆ."

"ಅಯ್ಯೋ, ಊರೋದಾ? ಕೆಲವರಿಗೆ ಆಗುತ್ತೆ, ಸುಮಾರು ಜನಕ್ಕೆ ಆಗಲ್ಲ. ನೀವು ನಿಂತ್ಕೊಂಡು ಬೇರೆಯವರ ಕೈಲಿ ಮಾಡಿಸಿ ಮೇಸ್ತ್ರಿಗಳೇ."

"ಇದನ್ನ ಮೊದಲೇ ಕೇಳಬಾರದಿತ್ತೇನ್ರೀ?" ಎಂದಳು ಜೊತೆಗೆ ಬಂದಿದ್ದ ಹೆಂಡತಿ. "ಮದುವೆ ದಿನಾನೂ ಅಷ್ಟೇ, ನನ್ನ ಮುಖ ಬಿಟ್ಟು ನೆಲದ ಮಟ್ಟ ನೋಡ್ತಿದ್ರಿ."

ಸರ್ಜನ್ ಪರದೆಗೆ ಎಡ ಮಂಡಿಯನ್ನು ತಂದರು. "ಇದೂ ಪೂರ್ತಿ ಹೋಗಿದೆ. ಮುಂದಿನ ತಿಂಗಳು ಮಾಡಿಬಿಡೋಣ. ಪ್ಲಾನ್ ಇನ್ನೂ ಚೆನ್ನಾಗಿ ಬಂದಿದೆ, ನೋಡಿ."

ಮೇಸ್ತ್ರಿ ನೋಡಿದರು. ನಿಜಕ್ಕೂ ಚೆನ್ನಾಗಿತ್ತು.

"ಬೇಡ ಡಾಕ್ಟ್ರೇ. ಅದು ಜೀವ ಹೋಗೋ ಹಾಗೆ ನೋಯುತ್ತೆ. ಆದ್ರೆ ಊರೋಕೆ ಬರುತ್ತೆ."

ಮರುವಾರ ಹೊಸ ಕಟ್ಟಡವೊಂದರ ಕಾರಿಡಾರಿನಲ್ಲಿ ಅವರು ಎಡ ಮಂಡಿಯನ್ನು ನೆಲಕ್ಕೆ ಕೊಟ್ಟು, ಬಲಗಾಲನ್ನು ಕೆಲಸಕ್ಕೆ ಬಾರದ ನೆಂಟನಂತೆ ಪಕ್ಕಕ್ಕೆ ಚಾಚಿ ಕೂತಿದ್ದರು. ಮುಂದಕ್ಕೆ ಸರಿದಾಗಲೆಲ್ಲ ಮೂಳೆ ತಿಕ್ಕುವುದು ಹಲ್ಲಿನವರೆಗೂ ಕೇಳಿಸುತ್ತಿತ್ತು. ಸಂಜೆಯ ಹೊತ್ತಿಗೆ ಹನ್ನೊಂದು ಟೈಲು ಕೂತಿದ್ದವು. ಮೊದಲೆಲ್ಲ ಅಷ್ಟನ್ನು ಅವರು ತಿಂಡಿಗೆ ಮುಂಚೆಯೇ ಹಾಕಿ ಮುಗಿಸುತ್ತಿದ್ದರು.