ಗುರುವಾರ, ಹನ್ನೊಂದು ಹನ್ನೆರಡು

ಮತ್ತೆ ಬಂತು, ಪರದೆಯ ಮೂಲೆಯಲ್ಲಿ ಆ ಕಪ್ಪು ಚೌಕ, ಒಂದು ಸಾಲು ಬಿಳಿ ಅಕ್ಷರ, ಓದುವಷ್ಟರಲ್ಲಿ ಮಾಯ, ಆಮೇಲೆ ಕಂಪ್ಯೂಟರ್ ತಾನೇ ಆರಿ ತಾನೇ ಹತ್ತಿಕೊಳ್ಳುತ್ತದೆ, ಇದು ಏಳನೇ ಸಲ, ಬೀದಿಯವರೆಲ್ಲ ರಿಪೇರಿ ಅಕ್ಕ ಎಂದು ಕರೆಯುವ ಅವಳು ಈ ಸಲ ರೆಪ್ಪೆ ಬಡಿಯದೆ ಕಾದು ಓದಿಕೊಂಡಳು — ಫೈಲ್ ಸಿಗುತ್ತಿಲ್ಲ. ಸಿಗುವುದಾದರೂ ಹೇಗೆ, ನಿನ್ನೆ ಅವಳೇ ಅಲ್ಲವೆ ಅದನ್ನು ಅಳಿಸಿದ್ದು, ವೈರಸ್ ಸತ್ತಿದೆ, ಎದ್ದ ಕೂಡಲೇ ನನ್ನನ್ನು ಕರೆ ಎಂದು ಅದು ಯಂತ್ರಕ್ಕೆ ಕಲಿಸಿಹೋದ ಪಾಠ ಸತ್ತಿಲ್ಲ, ಸತ್ತವನ ಹೆಸರು ಹಿಡಿದು ಕೂಗುತ್ತದೆ, ಓಗೊಡುವವರಿಲ್ಲದೆ ಮಲಗುತ್ತದೆ, ಮತ್ತೆ ಏಳುತ್ತದೆ. ಕನ್ನಡಕದಂಗಡಿಯವರು ಗಾಜು ಒರೆಸುತ್ತಲೇ ನಗುತ್ತಾರೆ, ಏನಮ್ಮಾ, ಊರಿಗೆಲ್ಲ ಕಣ್ಣು ಕೊಡೋನಿಗೆ ತನ್ನ ಪರದೆನೇ ಕಾಣ್ತಿಲ್ಲ, ದೀಪದ ಬುಡದಲ್ಲಿ ಕತ್ತಲೆ ಅಂದ್ರೆ ಇದೇ ನೋಡು, ಅವಳೂ ನಕ್ಕಳು, ಸೇಫ್ ಮೋಡ್‌ನಲ್ಲಿ ಎಬ್ಬಿಸಿದಳು, ಹೀಗಾದರೆ ತೀರಾ ಬೇಕಾದದ್ದನ್ನಷ್ಟೇ ಹೊತ್ತು ಏಳುತ್ತದೆ, ಶುರುವಿನಲ್ಲೇ ಓಡುವ ಪ್ರೋಗ್ರಾಂಗಳ ಫೋಲ್ಡರ್ ತೆರೆದಳು — ಪ್ರಿಂಟರಿನದು, ಕಣ್ಣಿನ ನಂಬರು ಬರೆದಿಡುವುದು, ಎಲ್ಲಕ್ಕೂ ಹೆಸರಿದೆ, ಕೊನೆಯದಕ್ಕೆ ಹೆಸರಿನ ಜಾಗದಲ್ಲಿ ಬರೀ ಚುಕ್ಕಿ, ಅದು ತೋರಿಸುವ ದಾರಿ ಹೋಗಿ ಮುಟ್ಟುವಲ್ಲಿ ಏನೂ ಇಲ್ಲ, ಪಕ್ಕದಲ್ಲಿ ಅದು ಒಳಗೆ ಬಂದ ಹೊತ್ತು. ಗುರುವಾರ, ಹನ್ನೊಂದು ಹನ್ನೆರಡು. ಗುರುವಾರ ಯಾರು ಬಂದಿದ್ರು ಸಾರ್ ಇಲ್ಲಿಗೆ, ಯಾರಮ್ಮಾ ಬರ್ತಾರೆ, ನೀನೇ ತಾನೆ ಬಂದಿದ್ದು, ಪ್ರಿಂಟರ್ ಕೂರಿಸೋಕೆ — ಹೌದು, ಪ್ರಿಂಟರ್, ಅವಳದೇ ಪೆನ್‌ಡ್ರೈವ್, ಅವತ್ತೊಂದು ದಿನ ಪರೀಕ್ಷಿಸದೆ ಜೇಬಿಗೆ ಹಾಕಿಕೊಂಡಿದ್ದು, ಒಂದು ದಿನಕ್ಕೇನಾಗುತ್ತೆ ಅಂತ, ಸಿಕ್ಕಿದ್ದನ್ನೆಲ್ಲ ಚುಚ್ಚಬೇಡಿ ಎಂದು ಹತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು, ಬೆರಳು ಆ ಸಾಲನ್ನು ಅಳಿಸಿತು, ಯಂತ್ರ ಸದ್ದಿಲ್ಲದೆ ಸರಿಯಾಗಿ ಎದ್ದು ನಿಂತಿತು, ಗೆದ್ದೆ ಕಣಮ್ಮಾ ಎನ್ನುತ್ತಿದ್ದಾರೆ ಅಂಗಡಿಯವರು, ಇದು ನನ್ನಿಂದ್ಲೇ ಬಂದಿದ್ದು ಸಾರ್, ಎಂದಳು, ಅವರಿಗೆ ಅರ್ಥವಾಗಲಿಲ್ಲ, ಅವಳು ಆಗಲೇ ಅಲ್ಲಿರಲಿಲ್ಲ — ಗುರುವಾರ ಇಲ್ಲಿಂದ ಎಲ್ಲಿಗೆ ಹೋದೆ.

ಆಸ್ಪತ್ರೆಗೆ, ತಂಗಿಯ ಮಗು ನೋಡಲು, ಏಳು ತಿಂಗಳಿಗೇ ಹುಟ್ಟಿದ್ದು, ಗಾಜಿನ ಪೆಟ್ಟಿಗೆಯಲ್ಲಿ, ಪಕ್ಕೆಲುಬಿನ ಕೆಳಗೆ ಹೆಬ್ಬೆರಳು ಒತ್ತಿದಷ್ಟು ಗುಳಿ, ಉಸಿರಿಗೊಮ್ಮೆ ಬೀಳುತ್ತ ತುಂಬುತ್ತ, ದೊಡ್ಡಮ್ಮ ಬಂದ್ಲು ನೋಡೋ ಎಂದಳು ತಂಗಿ, ಆ ಕೋಣೆಯ ಒಂಬತ್ತೂ ಮಕ್ಕಳ ಉಸಿರಿನ ಅಂಕಿ ತೋರಿಸುವ ಕಂಪ್ಯೂಟರು, ಅದರಲ್ಲಿ ವರದಿ ಅಚ್ಚಾಗುತ್ತಿಲ್ಲವೆಂದು ನರ್ಸ್ ಗೊಣಗಿದ್ದೇ ತಡ, ನಮ್ಮಕ್ಕಂಗೆ ಎಲ್ಲ ಬರುತ್ತೆ ಸಿಸ್ಟರ್, ಆ ಮುಖದಲ್ಲಿ ಎಂಥ ಹೆಮ್ಮೆ, ಇವಳ ಕೈ ಜೇಬಿಗೆ ಹೋಯಿತು, ಮೊಣಕೈತನಕ ಸೋಪು ಹಾಕಿ ತೊಳೆದ ಕೈ. ಈಗ ಅದೇ ಕೈಯಲ್ಲಿ ಫೋನು, ಒಂದೇ ರಿಂಗಿಗೆ ತಂಗಿ, ಅಕ್ಕಾ ನಿಂಗೇ ಮಾಡೋಣ ಅಂತಿದ್ದೆ, ಆ ಅಂಕಿ ಬರೋ ಟಿವಿ ಇದೆಯಲ್ಲ, ಬೆಳಿಗ್ಗೆ ಯಾರೋ ಬಂದು ವೈರಸ್ ತೆಗೆದ್ರಂತೆ, ಆವಾಗ್ಲಿಂದ ಆರೋದು ಹತ್ತೋದು, ಅಲಾರಮ್ಮೂ ಇಲ್ಲ, ಸಿಸ್ಟರ್ ಒಬ್ಬರೇ ಇದಾರೆ. ಅದನ್ನ ನೋಡ್ತಾ ನಿಲ್ಲಬೇಡ, ಇನ್ನೂ ಜನ ಕರೀರಿ ಅಂತ ಸಿಸ್ಟರ್‌ಗೆ ಹೇಳು, ಪೆಟ್ಟಿಗೆಗೆ ಒಬ್ಬೊಬ್ಬರು ನಿಲ್ಲಲಿ, ನೀನು ಮಗು ಎದೆ ನೋಡು, ಉಸಿರು ಎಣಿಸು, ಜೋರಾಗಿ, ನಂಗೆ ಕೇಳೋ ಹಾಗೆ. ಯಾಕಕ್ಕಾ. ನಾನೇ ಮಾಡಿದ್ದು ಕಣೇ, ಆಮೇಲೆ ಎಷ್ಟು ಬೇಕಾದ್ರೂ ಬೈ, ಈಗ ಎಣಿಸು. ಆಸ್ಪತ್ರೆಗೆ ನಾಲ್ಕು ಬೀದಿ, ಅವಳು ಓಡುತ್ತಾಳೆ, ಚೀಲ ಅಂಗಡಿಯಲ್ಲೇ ಉಳಿಯಿತು, ಕಿವಿಯಲ್ಲಿ ತಂಗಿಯ ದನಿ, ಹನ್ನೆರಡು, ಗುಳಿ ಬೀಳುತ್ತದೆ, ತುಂಬುತ್ತದೆ, ಹದಿಮೂರು, ಯಾರದೋ ಸೈಕಲ್ಲು, ಕಣ್ಣು ಕಾಣಲ್ವೇನಮ್ಮ, ಇಪ್ಪತ್ತು, ಬೀಳುತ್ತದೆ, ತುಂಬುತ್ತದೆ, ಇಪ್ಪತ್ತಾರು — ಇಪ್ಪತ್ತಾರು, ಅಕ್ಕಾ — ಆಮೇಲೆ ಏನೂ ಇಲ್ಲ, ಓಡುವ ಚಪ್ಪಲಿ ಸದ್ದು, ನರ್ಸಿನ ದನಿ, ಸರೀರಿ ಸರೀರಿ, ಮಗುವಿನ ಅಂಗಾಲಿಗೆ ಬೆರಳಲ್ಲಿ ಹೊಡೆಯುವ ಟಪ್, ಟಪ್, ಅವಳು ರಸ್ತೆ ನಡುವೆ ನಿಂತುಬಿಟ್ಟಿದ್ದಾಳೆ, ಟಪ್ — ಆಮೇಲೆ ಬೆಕ್ಕಿನ ಮರಿಯದಂಥ ಒಂದು ಎಳೆ ಅಳು, ಇಪ್ಪತ್ತೇಳು, ತಂಗಿ ಅಳುತ್ತಲೇ ಎಣಿಸುತ್ತಾಳೆ, ಇಪ್ಪತ್ತೆಂಟು, ಮೂವತ್ತು, ಇನ್ನಿಬ್ಬರು ಸಿಸ್ಟರು ಬಂದ್ರು ಅಕ್ಕಾ, ಉಸಿರಾಡ್ತಿದೆ ಅಕ್ಕಾ, ಕೇಳಿಸ್ತಾ. ಕೇಳಿಸುತ್ತಿದೆ, ಆದರೆ ಅವಳಿನ್ನೂ ಇಪ್ಪತ್ತಾರರಲ್ಲೇ ಇದ್ದಾಳೆ, ಪಕ್ಕೆಲುಬಿನ ಕೆಳಗೆ ಆ ಗುಳಿ, ಹೆಬ್ಬೆರಳು ಒತ್ತಿದಷ್ಟು, ಬಿದ್ದದ್ದು, ತುಂಬದ್ದು.